ಜನರೇಟರಿನ ಶ್ರುತಿ

ಎನುಗು ನಗರದ ಬಸ್ ನಿಲ್ದಾಣದ ಟಿಕೆಟ್ ಸಾಲಿನಲ್ಲಿ ಉಗೊಯೆಯ ಮುಂದೆ ಅಕ್ಕ ತಮ್ಮ ಇಬ್ಬರು ನಿಂತಿದ್ದರು. ಒಂದೇ ಇಯರ್‌ಫೋನನ್ನು ಇಬ್ಬರೂ ಹಂಚಿಕೊಂಡು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದರು.

"ಅಮ್ಮನ ದನಿ ಎಲ್ಲೋ, ಚುಬಾ?"

"ಹಿಂದೆ ಜನರೇಟರ್ ಸದ್ದಿತ್ತಲ್ಲ ಅಕ್ಕ, ಅದನ್ನ ತೆಗೆಸಿದೆ. ಇಂಟರ್ನೆಟ್ಟಲ್ಲಿ ಒಂದು ಆ್ಯಪ್ ಪುಕ್ಕಟೆ ಮಾಡಿಕೊಡುತ್ತೆ. ಗಲಾಟೆ ತೆಗೆದು ಮಾತು ಮಾತ್ರ ಉಳಿಸುತ್ತೆ."

"ಅವಳು ಮಾತೆಲ್ಲಿ ಆಡ್ತಿದ್ಲು? ಸಾರಿಗೆ ಎಗುಸಿ ಬೀಜ ಸುಲೀತಾ ಗುನುಗ್ತಿದ್ಲು. ಜನರೇಟರಿಗೇ ಶ್ರುತಿ ಸೇರಿಸ್ಕೊಂಡು."

"ಆ ಆ್ಯಪಿಗೆ ಎರಡೂ ಒಂದೇ ಸದ್ದು ಅನ್ನಿಸಿರಬೇಕು, ಎರಡನ್ನೂ ತೆಗೆದಿದೆ."

"ಊರವರ ಮದುವೆ ವಿಡಿಯೋಗೆಲ್ಲ ನೀನೇ ದೊಡ್ಡ ಎಡಿಟರು! ಹೋಗಲಿ, ಮೊದಲಿನದು ಹಾಕು. ನಾಳೆ ಅಮ್ಮನನ್ನ ಮಣ್ಣು ಮಾಡುವಾಗ ಅದನ್ನೇ ಕೇಳಿಸೋಣ."

ಚುಬಾ ಫೋನು ಕೆಳಗಿಳಿಸಿದ.

"ಯಾಕೋ, ಹಾಕೋ."

"ಫೋನಲ್ಲಿ ಜಾಗ ಇರಲಿಲ್ಲ ಅಕ್ಕ. ಇದು ಬಂತಲ್ಲ ಅಂತ ಹಳೇದನ್ನ ಅಳಿಸಿಬಿಟ್ಟೆ. ಆತುರದಲ್ಲಿ ಕೇಳಿಯೂ ನೋಡಲಿಲ್ಲ."

"ಬೇರೆ ಯಾವುದೂ ಇಲ್ವಾ?"

"ಅವಳು ಕ್ಯಾಮೆರಾ ಕಂಡ್ರೆ ಬಾಯಿ ಮುಚ್ಕೊಳ್ತಿದ್ಲಲ್ಲ. ಇದೊಂದೇ ಅವಳಿಗೆ ಗೊತ್ತಾಗದ ಹಾಗೆ ತೆಗೆದಿದ್ದು."

ಸಾಲು ಮುಂದೆ ಸರಿಯಿತು. ಅವರಿಬ್ಬರೂ ಸರಿಯಲಿಲ್ಲ. ಉಗೊಯೆ ಅವರನ್ನು ದಾಟದೆ ಹಿಂದೆಯೇ ನಿಂತಳು.

ಅಷ್ಟರಲ್ಲಿ ಕರೆಂಟು ಹೋಗಿ, ಟಿಕೆಟ್ ಕಿಟಕಿಯ ಹಿಂದೆ ಜನರೇಟರ್ ಶುರುವಾಯಿತು. ಅಕ್ಕ ತಲೆ ವಾಲಿಸಿ ಒಂದು ಗಳಿಗೆ ಅದನ್ನು ಆಲಿಸಿದಳು. ಆಮೇಲೆ ಮೆಲ್ಲಗೆ ಗುನುಗತೊಡಗಿದಳು.

"ಹೀಗಲ್ವೇನೋ?"

"ಇನ್ನೂ ಸ್ವಲ್ಪ ಕೆಳಗೆ, ಅಕ್ಕ."

ಅವಳು ದನಿ ಇಳಿಸಿದಳು.

"ಈಗ?"

ಚುಬಾ ತೋಳಿನಿಂದ ಕಣ್ಣೊರೆಸಿಕೊಂಡ. ಟಿಕೆಟ್ ಪಡೆದು ಇಬ್ಬರೂ ಬಸ್ಸಿನತ್ತ ನಡೆದರು. ಅವಳ ಗುನುಗು ಅವಳ ಜೊತೆಗೇ ಹೋಯಿತು, ಜನರೇಟರ್ ಸದ್ದು ಮಾತ್ರ ಉಳಿಯಿತು.