ಒಬ್ಬ ಚಿಕ್ಕಮ್ಮ, ಎರಡು ಫೈಲು

ನೌಪಾಡಾದ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಗೆ ಕಾದು ಕುಳಿತಿದ್ದ ಜಯಲತಾಗೆ ಹಿಂದಿನ ಸಾಲಿನಿಂದ ಊರ ಕಡೆಯ ಕನ್ನಡ ಕೇಳಿಸಿತು. ತಿರುಗಿ ನೋಡುವುದು ಸಭ್ಯತೆಯಲ್ಲವೆಂದು ಅವಳು ಕಿವಿಯನ್ನಷ್ಟೇ ಹಿಂದಕ್ಕೆ ಕಳಿಸಿದಳು.

"ನನಗೆ ಪೆನಿಸಿಲಿನ್ ಆಗುದಿಲ್ಲ ಅಂತ ಹೋದ ವರ್ಷವೇ ಬರೆಸಿದ್ದೆ ಅಲ್ವಾ ರಂಜನ್? ಈಗ ಆಪರೇಷನ್‌ಗೆ ಕರೆಯುವಾಗ ಫೈಲಿನಲ್ಲಿ ಇಲ್ಲ ಅಂತೀಯಲ್ಲ ಮಾರಾಯ!"

"ಉಂಟು ಚಿಕ್ಕಮ್ಮ. ಅದು ವಾರಿಜಾ ರಾವ್ ಫೈಲಿನಲ್ಲಿ. ಈ ವರ್ಷ ನೀವು ವಾರಿಜಾ ಪುಂಡರೀಕಾಕ್ಷ ರಾವ್."

"ನಡುವೆ ಗಂಡನ ಹೆಸರು ಹಾಕದಿದ್ರೆ ಹೊಸ ಕಂಪ್ಯೂಟರ್ ಮುಂದೆ ಹೋಗುದಿಲ್ಲ ಅಂದಳು ಕೌಂಟರಿನ ಹುಡುಗಿ. ಯಾವ ಬುದ್ಧಿವಂತ ಮಾಡಿದ್ದು ಅದನ್ನು?"

"ನಾನೇ."

"ನೀನಾ!"

"ಮರಾಠಿಯವರೆಲ್ಲ ಹಾಗೇ ಬರೆಯುದಲ್ವಾ, ಎಲ್ಲರಿಗೂ ಕಡ್ಡಾಯ ಮಾಡಿದೆ. ಇಡೀ ಆಸ್ಪತ್ರೆಗೆ ಒಂದೇ ಸಿಸ್ಟಮ್, ಒಬ್ಬರಿಗೆ ಒಂದೇ ಫೈಲು ಅಂತ ಭಾಷಣ ಬೇರೆ ಬಿಗಿದೆ. ಶಾಲು ಹೊದೆಸಿದ್ರು. ಈಗ ನೋಡಿ, ಸ್ವಂತ ಚಿಕ್ಕಮ್ಮನನ್ನೇ ಇಬ್ಬರು ಮಾಡಿದ್ದೇನೆ."

"ಹಾಗಾದ್ರೆ ಎರಡನ್ನೂ ಸೇರಿಸು."

"ಸೇರಿಸಲಿಕ್ಕೆ ಮೂರು ಜನರ ಒಪ್ಪಿಗೆ ಬೇಕು. ಆ ನಿಯಮವೂ ನನ್ನದೇ. ಡಾಕ್ಟರಿಗೆ ಬಾಯಲ್ಲೇ ಹೇಳಿ ಬಂದೆ. ಆದರೂ ಹೆದರಿಕೆ. ಎಲ್ಲಿ, ಕೈ ಕೊಡಿ."

ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಜಯಲತಾ ಸಭ್ಯತೆಯನ್ನು ಬಿಟ್ಟು ತಿರುಗಿದಳು. ಅವನು ಚಿಕ್ಕಮ್ಮನ ಮುಂಗೈ ಮೇಲೆ ಇಂಗ್ಲಿಷಿನಲ್ಲಿ, ದಪ್ಪ ಅಕ್ಷರಗಳಲ್ಲಿ, 'ನೋ ಪೆನಿಸಿಲಿನ್' ಎಂದು ಬರೆಯುತ್ತಿದ್ದ.

"ಇದು ಯಾವ ಸಿಸ್ಟಮ್?"

"ಕೈ ಕೊಡದ ಸಿಸ್ಟಮ್, ಚಿಕ್ಕಮ್ಮ."

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು ವಾರಿಜಾ ರಾವ್ ಎಂದು ಕೂಗಿದಳು.

ಚಿಕ್ಕಮ್ಮ ಎದ್ದು, ಬರೆದ ಕೈಯನ್ನು ಸೆರಗಿಗೆ ತಾಗದಂತೆ ಎತ್ತಿ ಹಿಡಿದು ನಡೆದರು.

"ಬಂದೆವು ಸಿಸ್ಟರ್, ಇಬ್ಬರೂ ಬಂದೆವು."