ದೊರೆ ಹಿಡಿದ ಜೇನುಹಗ್ಗ

ಕೇಳ್ರಪ್ಪಾ, ಕೇಳ್ರವ್ವಾ! ಹೆಸರಿಲ್ಲದ ಒಂದು ಸೀಮೆ. ಅಲ್ಲೊಂದು ಬೆಟ್ಟ, ಬೆಟ್ಟಕ್ಕೊಂದು ಕಡಿದಾದ ಬಂಡೆ, ಬಂಡೆ ನಡುವೆ ರಣಹದ್ದಿನ ಗೂಡು. ರೆಕ್ಕೆ ಬಿಚ್ಚಿದ್ರೆ ಆಳಿಗಿಂತ ಉದ್ದ. ಇಡೋದೆಷ್ಟು ಮೊಟ್ಟೆ? ವರ್ಷಕ್ಕೆ ಒಂದೇ ಒಂದು! ಗಂಡೂ ಕಾವು ಕೂರ್ತದೆ, ಹೆಣ್ಣೂ ಕೂರ್ತದೆ. ಕೊಲ್ಲೋ ಹಕ್ಕಿಯಲ್ಲ. ಸತ್ತದ್ದನ್ನ ತಿಂದು ಊರು ಚೊಕ್ಕ ಮಾಡ್ತದೆ.

ಒಂದಿನ ಹದ್ದಿನ ನೆರಳು ದೊರೆ ಕಿರೀಟದ ಮೇಲೆ ಬಿತ್ತು. "ಅಪಶಕುನ! ಆ ಮೊಟ್ಟೆ ಒಡೀರಿ!" ಅಂದ. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಆದರೆ ಬಂಡೆ ಇಳಿಯೋರು ಯಾರು? ಜೇನು ಕೀಳೋ ಜಡಿಯ ಒಬ್ಬನೇ. ಅವನಿಗೆ ಮಾತು ಕಮ್ಮಿ. ಮಾತೆಲ್ಲ ಹೆಂಡ್ತಿ ಸೋಮಿದು.

ದೊರೆ ಬಂದ. "ಏ, ಗಂಡನ್ನ ಇಳಿಸು."

"ಆಗಾಕಿಲ್ಲ."

ಮತ್ತೆ ಬಂದ. "ತಂಗೀ, ಇಳಿಸವ್ವ."

"ಆಗಾಕಿಲ್ಲ. ದನಕ್ಕೆ ದೊಡ್ಡರೋಗ ಬಂದಾಗ ಸತ್ತ ದನ ತಿಂದು ಊರು ಗಬ್ಬು ನಾರದಂಗೆ ಕಾಪಾಡಿದ್ದು ಆ ಹದ್ದು. ನೀವಾ ಬಂದಿದ್ರಿ?"

ಮೂರನೇ ಸಲ ಒಂದು ಕೈಲಿ ಸೀರೆ, ಒಂದು ಕೈಲಿ ಕತ್ತಿ ಹಿಡಿದು ಬಂದ. ಊರೆಲ್ಲ ನೆರೆದಿತ್ತು. "ತವರಿನ ಸೀರೆ ಅಂತ ಉಡು ತಂಗೀ. ಇಲ್ಲಾಂದ್ರೆ ಗಂಡನ ತಲೆ ಇರಾಕಿಲ್ಲ."

ಸೋಮಿಗೆ ಹೆದರಿಕೆಗಿಂತ ಸಿಟ್ಟು ಜಾಸ್ತಿ ಆಯ್ತು. ಸೀರೆ ಉಟ್ಟೇಬಿಟ್ಲು!

ಬಂಡೆ ತುದೀಲಿ ಜಡಿಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಭಟರು ಹಗ್ಗಕ್ಕೆ ಕೈ ಹಾಕಿದ್ರು.

"ಮುಟ್ಟಬ್ಯಾಡಿ!" ಅಂದ್ಲು ಸೋಮಿ. "ಜೇನುಹಗ್ಗ ಹಿಡಿಯೋನು ಹೆಂಡ್ತಿ ಅಣ್ಣನೇ ಆಗಬೇಕು. ತಂಗಿ ತಾಳಿ ಹರಿಯಾಕೆ ಯಾವ ಅಣ್ಣನಿಗೂ ಕೈ ಬರಾಕಿಲ್ಲ. ಹಿಡಿದ ಮ್ಯಾಲೆ ಕೈ ಬದಲಾಯಿಸೋ ಹಂಗಿಲ್ಲ. ನಮ್ಮಣ್ಣ ಹೋದ ವರ್ಷ ತೀರ್ಕಂಡ. ತವರಿನ ಸೀರೆ ಕೊಟ್ಟ ಅಣ್ಣ ಈಗ ನೀವೇ. ಹಿಡೀರಿ!"

ಊರೆಲ್ಲ ದೊರೆ ಮುಖ ನೋಡ್ತು. ಕೊಟ್ಟ ಸೀರೆ ಕಿತ್ಕಳಾಕಾಯ್ತದಾ? ಹಿಡಿದ.

ಜಡಿಯ ಗೂಡಿನ ತನಕ ಇಳಿದ. ಅಲ್ಲೇ ನೇತಾಡ್ತಾ ಕೂಗಿದ: "ಭಾವಾ! ಮೊಟ್ಟೆ ಮುಟ್ಟಾಕಿಲ್ಲ. ಹಗ್ಗ ಬಿಡೋದಾದ್ರೆ ಬಿಡು!"

ದೊರೆಗೆ ಬಿಸಿತುಪ್ಪ. ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ಅಂಗೈ ಕೆಂಪಾಯ್ತು, ಬೊಬ್ಬೆ ಎದ್ದಿತು, ರಕ್ತ ಬಂತು. ಮೇಲೆ ಹದ್ದು ರೆಕ್ಕೆ ಬಡಿಯದೆ ಮೂರು ಸುತ್ತು ಹಾಕ್ತು. ನೆರಳು ಎಲ್ಲಿ ಬಿತ್ತು? ಕಿರೀಟದ ಮೇಲೇ!

ಸೋಮಿ ಹೊಸ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ನಿಂತ್ಲು. "ಏನಣ್ಣಾ, ಬಿಡ್ತೀಯಾ?"

"ಬಂಡೆ ಹದ್ದಿಂದೇ ಕಣವ್ವಾ! ಮೊಟ್ಟೇನೂ ಹದ್ದಿಂದೇ! ನಿನ್ನ ಗಂಡನ್ನ ಮೇಲಕ್ಕೆ ಕರಿ!"

ಆ ವರ್ಷ ಮರಿ ಹಾರಿತು. ಒಂದೇ ಒಂದು. ಮಾರನೇ ವರ್ಷ ಸೋಮಿ ಅರಮನೆಗೆ ಹೇಳಿ ಕಳಿಸಿದ್ಲು: "ಅಣ್ಣಾ, ಜೇನು ಕೀಳೋ ಕಾಲ ಬಂತು. ಹಗ್ಗ ಹಿಡಿಯಾಕೆ ಬಾ."

ಹಿಡಿದೋರ ಅಂಗೈ ಮಾಯಲಿ, ಕೇಳಿದೋರ ತಲೆ ಮೇಲೆ ಹದ್ದಿನ ನೆರಳಿರಲಿ!