ಬೆಂಚಿನ ಮೇಲೆ ಕೂತೇ ಕೆಡವಿದವನು

ಟೆಕ್ಸಸ್‌ನ ಆ ಸಣ್ಣ ಊರಿನಲ್ಲಿ ಶುಕ್ರವಾರ ಆಡಿದ ಹೈಸ್ಕೂಲ್ ಫುಟ್‌ಬಾಲನ್ನು, ಚೆಂಡು ಹಿಡಿದು ಓಡುವವನನ್ನು ಕೆಡವುವ ಆ ಅಮೆರಿಕನ್ ಆಟವನ್ನು, ಶನಿವಾರ ಬೆಳಿಗ್ಗೆ ಡೋನಟ್ ಅಂಗಡಿಯಲ್ಲಿ ಮಾತಿನಲ್ಲೇ ಮತ್ತೊಮ್ಮೆ ಆಡುತ್ತಾರೆ. ವರ್ಲೀನ್ ಸಾಲಿಗೆ ಬಂದು ನಿಂತಾಗ, ಅವಳ ಮುಂದಿದ್ದ ಇಬ್ಬರು ಅಪ್ಪಂದಿರು ಆಗಲೇ ತೋಳೇರಿಸಿದ್ದರು.

“ಪೇಪರ್ ನೋಡಿದ್ಯಾ ಲೈಲ್? ನನ್ನ ಮಗ ಟ್ರೆಂಟ್ ಒಬ್ಬನೇ ಹದಿನೇಳು ಸಲ ಎದುರಾಳಿಗಳನ್ನ ಕೆಡವಿದಾನೆ.”

“ಲೆಕ್ಕ ಬರೆದು ಪೇಪರ್‌ಗೆ ಕೊಟ್ಟೋಳು ನಿನ್ನ ಹೆಂಡತಿ ತಾನೆ, ಡ್ವೇನ್?”

“ಕೋಚ್ ಹೇಳಿದ್ದಕ್ಕೆ ಲೊರೆಟಾ ಬರೀತಾಳೆ. ಬೇರೆ ಯಾವ ತಾಯಿ ಮುಂದೆ ಬಂದ್ಳು?”

“ನನ್ನ ಮಗ ಕೆಡವಿದ್ರೂ ಟ್ರೆಂಟ್ ಹೆಸರು. ಎದುರಾಳಿ ತಾನಾಗೇ ಎಡವಿ ಬಿದ್ರೂ ಟ್ರೆಂಟ್ ಹೆಸರು!”

“ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಕಣಯ್ಯ.”

“ಕಾಲು ಉಳುಕಿ ಪಂದ್ಯದ ಕೊನೇ ಕ್ವಾರ್ಟರ್ ಪೂರ್ತಿ ನಿನ್ನ ಮಗ ಬೆಂಚ್ ಮೇಲಿದ್ದ. ಕಾಲಿಗೆ ಐಸ್ ಹಿಡ್ಕೊಂಡು ಕೂತಿದ್ದೋಳು ಲೊರೆಟಾನೇ. ಆ ಹೊತ್ತಲ್ಲೂ ಐದು ಸಲ ಕೆಡವಿದ್ನಂತೆ! ಏನನ್ನ, ಬೆಂಚನ್ನಾ?”

ಡ್ವೇನ್‌ನ ಮುಖ ಕುತ್ತಿಗೆಯವರೆಗೂ ಕೆಂಪೇರಿತು.

“ಬೊಗಳ್ತಾ ಇರು. ಆ ಲೆಕ್ಕ ನೋಡೇ, ಟ್ರೆಂಟ್‌ನ ತಂಡಕ್ಕೆ ತಗೊಳ್ಳೋಕೆ ಅಂತ ಕಾಲೇಜಿನ ಕೋಚ್ ಈಗಷ್ಟೇ ಫೋನ್ ಮಾಡಿದ್ದ. ಪಂದ್ಯದ ವಿಡಿಯೋ ಪೂರ್ತಿ ಬೇಕಂತೆ. ಕಳಿಸೋಕೆ ಲೊರೆಟಾಗೆ ಹೇಳಿದೀನಿ.”

“ಪೂರ್ತಿನಾ? ಕಳಿಸಪ್ಪ, ಕಳಿಸು. ಕೆಡವಿದ್ದು ಯಾರು, ಐಸ್ ಇಟ್ಕೊಂಡು ಕೂತಿದ್ದು ಯಾರು, ಅವನೂ ಕಣ್ತುಂಬ ನೋಡ್ಲಿ.”

ಡ್ವೇನ್ ಡೋನಟ್ ಕೊಳ್ಳದೆ ಸಾಲು ಬಿಟ್ಟು, ಫೋನ್ ಕಿವಿಗಿಟ್ಟುಕೊಂಡು ಬಾಗಿಲ ಕಡೆ ದಾಪುಗಾಲು ಹಾಕಿದ.

“ಲೊರೆಟಾ, ಆ ವಿಡಿಯೋ ಕಳಿಸ್ಬೇಡ ಕಣೇ,” ಎನ್ನುತ್ತಿದ್ದುದು ವರ್ಲೀನ್‌ಗೆ ಕೇಳಿಸಿತು.

ಬಾಗಿಲು ಮುಚ್ಚುವ ಮುಂಚೆ ಇನ್ನೊಂದು ಮಾತು ಕೇಳಿಸಿತು: “ಯಾವಾಗ ಕಳಿಸಿದೆ?”